ಚಿತ್ ಆದ ಮೇಲೆ ಶುರುವಾದ ಕುಸ್ತಿ

ಕಳೆದ ಭಾನುವಾರ ಯಲ್ಲಾಪುರದ ಕಲ್ಯಾಣ ಮಂಟಪವೊಂದರಲ್ಲಿ ನನ್ನ ಮಗಳು ಬೇರೆಯವರ ಮಗಳನ್ನು ಎತ್ತಿ ನೆಲಕ್ಕೆ ಒಗೆದಳು. ನಾನು ಪೇಡೆಯ ಡಬ್ಬಿ ಬಿಚ್ಚಿದೆ. ಒಂದು ಸಾಲಿಗೆ ಹಂಚಿ ಮುಗಿದಿರಲಿಲ್ಲ, ಮಗಳು ಸೋತಿದ್ದಳು.

ಹಂಚಿದ ಪೇಡೆಯನ್ನು ವಾಪಸ್ ಕೇಳಲು ಬರುತ್ತದೆಯೇ?

ಮೊದಲಿನಿಂದ ಹೇಳುತ್ತೇನೆ. ಶಿರಸಿಯಲ್ಲಿ ನನ್ನದು ಗಾಡಿಗಳ ಸೀಟು ಹೊಲಿಯುವ ಅಂಗಡಿ. ಬೈಕು, ಜೀಪು, ಟೆಂಪೋ, ಯಾವುದರದ್ದಾದರೂ ತನ್ನಿ. (ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದವನು ನಾನು. ಆದರೆ ಹೊಲಿಗೆ ಹರಿಯಿತು ಎಂದು ಒಬ್ಬ ಗಿರಾಕಿಯೂ ತಿರುಗಿ ಬಂದಿಲ್ಲ. ಬಂದರೆ ಹೇಳಿ!) ಕಾಯುತ್ತ ಕೂತವರು ಮೊದಲೆಲ್ಲ ಕ್ರಿಕೆಟ್ ಮಾತಾಡುತ್ತಿದ್ದರು. ಈಗ? ಹಾಲಿನ ಟೆಂಪೋದ ಡ್ರೈವರ್ ಮೊಬೈಲನ್ನು ನನ್ನ ಮೂಗಿಗೆ ಹಿಡಿದು, 'ಅಣ್ಣಾ, ಆ ಲಾಕ್ ನೋಡು, ಈಗ ತಟ್ತಾನೆ ನೋಡು' ಅನ್ನುತ್ತಾನೆ.

ಪಂಜರದಂಥ ಬೇಲಿ, ಒಳಗೆ ಇಬ್ಬರು. ಗುದ್ದಬಹುದು, ಒದೆಯಬಹುದು, ಕೆಡವಬಹುದು, ಕುತ್ತಿಗೆ ಹಿಡಿದು ಒತ್ತಬಹುದು. ಸಾಕಪ್ಪಾ ಅನ್ನಿಸಿದವರು ಕೈಯಿಂದ ತಟ್ಟಿದರೆ ಆಟ ಮುಗಿಯಿತು. ಇದಕ್ಕೆ ಎಂಎಂಎ ಎಂದು ಹೆಸರು. ಕಟಿಂಗ್ ಶಾಪಿನಲ್ಲೂ ಇದೇ, ಚಾದಂಗಡಿಯಲ್ಲೂ ಇದೇ. ಕೊನೆಗೆ ಊರಿನಲ್ಲಿ ಅಡಿಕೆ ತುಂಬಿಡುತ್ತಿದ್ದ ಹಳೆಯ ವಖಾರಿಯೊಂದರಲ್ಲಿ ಇದರ ಜಿಮ್ಮೇ ಶುರುವಾಯಿತು. ಕೋಚ್, ಹೆಗಡೆಕಟ್ಟಾ ಕಡೆಯ ವಿನಾಯಕ. ನೆಲಕ್ಕೆ ಹಾಸುವ ಮ್ಯಾಟ್ ಹೊಲಿಯಲು ನನಗೇ ಹೇಳಿದ. ಅಳತೆ ಹಿಡಿಯಲು ಜೊತೆಗೆ ಬಂದ ನನ್ನ ಮಗಳು ರೇಣುಕಾ ಮಾರನೇ ದಿನದಿಂದ ಅಲ್ಲೇ ಠಿಕಾಣಿ ಹೂಡಿದಳು.

ಆಶ್ಚರ್ಯವೇನೂ ಇಲ್ಲ. ನಮ್ಮ ಮೂಲ ಬನವಾಸಿ ಕಡೆ. ನನ್ನ ಅಪ್ಪನ ಗರಡಿಮನೆಯ ಕೆಂಪು ಮಣ್ಣಿನಲ್ಲಿ ಹೊರಳಾಡಿ ಬೆಳೆದ ಹುಡುಗಿ ಅವಳು. ಕುಸ್ತಿ ಹೊಸದಲ್ಲ. ಗುದ್ದುವುದು ಹೊಸದು.

ನನ್ನ ಹೆಂಡತಿ ಗಿರಿಜಾಳ ತಕರಾರೂ ಅದೇ. 'ಕುಸ್ತಿ ಆಡ್ಲಿ, ಬ್ಯಾಡ ಅನ್ನಂಗಿಲ್ಲ. ಮಾರಿಗೆ ಗುದ್ದೋದು ಎಂಥಾ ಆಟರೀ?'

'ಗ್ಲೌಸ್ ಹಾಕ್ಕೊಂಡಿರ್ತಾರಲ್ಲ.'

'ನಾನೂ ಹಾಕ್ಕೊಂತೇನಿ. ನಿಮ್ಮ ಮಾರಿಗೊಂದು ಕೊಡ್ಲೇನು?'

ಕೊನೆಗೆ ಅವಳೇ ತೀರ್ಮಾನ ಹೇಳಿದಳು. 'ಒಂದ ಆಟ. ಗೆದ್ರ ಮುಂದುವರೀಲಿ. ಸೋತ್ರ ಆ ವಖಾರಿ ಹೊಸ್ತಿಲಾ ತುಳಿಯಂಗಿಲ್ಲ.'

ಮಗಳು ಒಪ್ಪಿದಳು. ಅಂದಿನಿಂದ ನನ್ನ ಅಂಗಡಿಯ ಫೋಮ್ ಸುರುಳಿಗಳಿಗೆ ನೆಮ್ಮದಿಯಿಲ್ಲ. ಒಂದೊಂದನ್ನೇ ತಬ್ಬುವುದು, ಎತ್ತುವುದು, ದೊಪ್ಪೆಂದು ಕೆಡವುವುದು. ಗಿರಾಕಿಗಳು ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ಯಲ್ಲಾಪುರದಲ್ಲಿ ಆಟ ಇಟ್ಟಿದ್ದ ಭಾನುವಾರ ಬಂತು. ನಮ್ಮ ಹಳ್ಳಿಯಿಂದ ಒಂದು ಟೆಂಪೋ ತುಂಬ ಜನ ಬಂದರು. ಗಿರಿಜಾಳ ತಮ್ಮ ಬಸಣ್ಣ ಬಾರಿಸಲು ಹಲಗೆ ಹಿಡಿದೇ ಇಳಿದ. ಮದುಮಕ್ಕಳು ಕೂರುವ ವೇದಿಕೆಯ ಮುಂದೆ ಪಂಜರ! ನಮ್ಮೂರಿನ ಅಜ್ಜನೊಬ್ಬ ಅಭ್ಯಾಸಬಲದಿಂದ ಕೇಳಿಯೇ ಬಿಟ್ಟ, 'ಊಟದ ಪಂಕ್ತಿ ಎಷ್ಟಕ್ಕರೀ?'

ಆಟ ಶುರು. ಎದುರಿನ ಹುಡುಗಿ ಯಲ್ಲಾಪುರದವಳೇ, ಬಳ್ಳಿಯಂತೆ ಉದ್ದ. ಬಂದವಳೇ ರೇಣುಕಾಳ ಕೆನ್ನೆಗೆ ಒಂದು ಬಿಗಿದಳು. ಗಿರಿಜಾ ನನ್ನ ತೊಡೆ ಚಿವುಟಿದಳು. ಆ ಹುಡುಗಿ ಇನ್ನೊಂದು ಬಿಗಿದಳು. ಇವಳು ಇನ್ನೊಮ್ಮೆ ಚಿವುಟಿದಳು. (ಅಪ್ಪ, ಮಗಳು ಇಬ್ಬರಲ್ಲಿ ಹೆಚ್ಚು ಪೆಟ್ಟು ತಿಂದದ್ದು ಯಾರು ಎಂದು ನನ್ನನ್ನು ಕೇಳಿ.) ಆ ಹುಡುಗಿ ಮೂರನೆಯದಕ್ಕೆ ಕೈ ಎತ್ತಿದಳೋ ಇಲ್ಲವೋ, ರೇಣುಕಾ ತಗ್ಗಿ ಒಳಗೆ ನುಗ್ಗಿದಳು, ಸೊಂಟಕ್ಕೆ ಕೈ ಹಾಕಿದಳು, ಎತ್ತಿದಳು, ಒಗೆದಳು! ಉದ್ದದ ಹುಡುಗಿ ಅಂಗಾತ.

'ಚಿತ್! ಚಿತ್!' ನಮ್ಮ ಟೆಂಪೋ ಮಂದಿ ಕುರ್ಚಿಯ ಮೇಲೆ ಹತ್ತಿದರು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನು. ಬಸಣ್ಣನ ಹಲಗೆ ಮೊಳಗಿತು.

ನಮ್ಮ ಅಖಾಡದಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿತೆಂದರೆ ಚಿತ್, ಕುಸ್ತಿ ಮುಗಿಯಿತು. ಹಲಗೆ ಬಾರಿಸುತ್ತಾರೆ. ಆಮೇಲೆ ಬಿದ್ದವರ ಮೈ ಮುಟ್ಟುವುದು ಮರ್ಯಾದೆಯಲ್ಲ. ಗೆದ್ದವರು ಎದ್ದು ಹಿರಿಯರಿಗೆ ಕೈಮುಗಿಯಬೇಕು. ರೇಣುಕಾಗೆ ಈ ಆಟದ ನಿಯಮ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಹಲಗೆಯ ಸದ್ದಿಗೆ ತಲೆ ಎಲ್ಲಿ ಕೆಲಸ ಮಾಡುತ್ತದೆ? ಮೈಯೇ ಎದ್ದು ನಿಂತಿತು. ಬೇಲಿಯ ಹತ್ತಿರ ಬಂದು ನಮ್ಮತ್ತ ಕೈಮುಗಿದಳು. ನಾನು ಪೇಡೆ ಹಂಚುತ್ತಿದ್ದೆ.

ಹಿಂದಿನಿಂದ ಉದ್ದದ ಹುಡುಗಿ ಎದ್ದಳು. ಬೆನ್ನೇರಿದಳು. ಕುತ್ತಿಗೆಗೆ ತೋಳು ಸುತ್ತಿದಳು. ನನ್ನ ಮಗಳು ಒದ್ದಾಡಿ, ಒದ್ದಾಡಿ, ಕೊನೆಗೆ ತಟ್ಟಿದಳು.

ವಿನಾಯಕ ತಲೆಯ ಮೇಲೆ ಕೈಹೊತ್ತು ಓಡಿ ಬಂದ. 'ಎಂತ ಮಾಡಿ ಹಾಕಿದ್ರಿ ಮಾರಾಯ್ರೇ! ಇಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೇ ಆಟ ಶುರುವಾಗೂದು!'

ರೇಣುಕಾ ಹೊರಬಂದಳು, ಯಾರನ್ನೂ ನೋಡಲಿಲ್ಲ, ತಾಯಿಯನ್ನು ಮಾತ್ರ ನೋಡಿದಳು. ಕಣ್ಣಲ್ಲಿ ನೀರು. ಇನ್ನು ವಖಾರಿ ಇಲ್ಲ.

ಗಿರಿಜಾ ಸೆರಗು ಸಿಕ್ಕಿಸಿ ಎದ್ದಳು. ಮಗಳ ಹತ್ತಿರ ಹೋಗಲಿಲ್ಲ. ನೇರ ರೆಫರಿಯ ಹತ್ತಿರ ಹೋದಳು. ಹುಬ್ಬಳ್ಳಿ ಕಡೆಯ ಹುಡುಗ.

'ತಮ್ಮಾ, ಆ ಹುಡುಗಿ ಬೆನ್ನ ನೆಲಕ್ಕ ಹತ್ತಿತೋ ಇಲ್ಲೋ?'

'ಹತ್ತಿತ್ರಿ ಅಕ್ಕಾರ, ಆದ್ರ ನಮ್ಮ ರೂಲ್ಸಿನಾಗ...'

'ರೂಲ್ಸ್ ಇರ್ಲಿ. ನಾ ಕೇಳಿದ್ದು, ಹತ್ತಿತೋ ಇಲ್ಲೋ?'

'ಹತ್ತಿತ್ರಿ.'

'ಮತ್ತ ಗೆದ್ದಾಳ ತಗೋ.'

ಅಷ್ಟೇ. ತಿರುಗಿದಳು. 'ವಿನಾಯಕಣ್ಣಾ, ನಾಳೆಯಿಂದ ಕೆಡವಿದ ಮ್ಯಾಲೆ ಮುಂದ ಏನೇನೈತಿ, ಎಲ್ಲಾ ಕಲಸ್ರಿ.' ಮಗಳ ಕೆನ್ನೆಯ ಬಾವು ಮುಟ್ಟಿ ನೋಡಿದಳು. 'ಆಕಿ ಬಿದ್ದಾಗ ನೀನೂ ಎರಡು ಬಿಗೀಬೇಕಿತ್ತಲ್ಲೇ ಹುಚ್ಚಿ! ಆಕಿ ಮಾರಿ ಕಲ್ಲಿಂದೈತೇನು?'

ರೇಣುಕಾ ಅಳುತ್ತಲೇ ನಕ್ಕಳು. ಉದ್ದದ ಹುಡುಗಿಯೂ ಓಡಿ ಬಂದು ಅಪ್ಪಿಕೊಂಡಳು. ಬಸಣ್ಣ ಯಾರನ್ನೂ ಕೇಳದೆ ಮತ್ತೊಮ್ಮೆ ಬಾರಿಸಿದ. ನಾನು ಉಳಿದ ಪೇಡೆಯನ್ನು ಆ ಹುಡುಗಿಯ ಕಡೆಯವರಿಗೂ ಹಂಚಿದೆ. ಅವರೂ ಗೆದ್ದಿದ್ದರಲ್ಲ!

ಮೈಕಿನಲ್ಲಿ ಹೇಳಿದ್ದು ಉದ್ದದ ಹುಡುಗಿಯ ಹೆಸರು, ನಿಜ. ಆದರೆ ತೀರ್ಪು ಕೊಡುವವರು ಪಂಜರದ ಒಳಗೇ ಇರಬೇಕೆಂದು ಯಾರು ಹೇಳಿದ್ದು?