ಎಮ್ಮೆ ಹಾಲಿನ ಸಿಹಿ

ಮಗಳಿಗೆ ಮದುವೆಗೆ ಮೊದಲೇ ಸಕ್ಕರೆ ಕಾಯಿಲೆ. ಬಳೆ ತೊಡಿಸುವ ಶಾಸ್ತ್ರ ಮುಗಿಸಿ, ಏಳು ತಿಂಗಳ ಬಸುರಿಯನ್ನು ಅವಳ ಗಂಡನೂರು ಮೆಟ್ಟುಪಾಳ್ಯಂನಿಂದ ತಿರುಪ್ಪೂರಿನ ನಮ್ಮ ಮನೆಗೆ ಕರೆತಂದೆವು. ಅವಳು ಬೆರಳು ಚುಚ್ಚಿಕೊಂಡು ಹೇಳುವ ಸಂಖ್ಯೆಯನ್ನು ಅಡುಗೆಮನೆಯ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ, ಆ ದಿನದ ಹಾಳೆಯ ಮೇಲೆ ಬರೆಯುವುದು ನನ್ನ ಕೆಲಸ. ಏರಿದರೆ ಮಗುವಿಗೆ ತೊಂದರೆ, ತೀರಾ ಇಳಿದರೆ ಅವಳಿಗೆ.

ತವರಿಗೆ ಬಂದ ಬಸುರಿಗೆ ಒಂದು ಕಜ್ಜಾಯ ಕೊಡುವ ಹಾಗಿರಲಿಲ್ಲ. ಮಗ್ಗದಲ್ಲಿ ಕೂತಿದ್ದ ನಾದಿನಿ ಅಂದಳು: "ಕರುಪ್ಪಟ್ಟಿ ಹಾಕು ಅತ್ತಿಗೆ. ಅದು ಸಕ್ಕರೆ ಅಲ್ವಲ್ಲ, ಮರದ್ದು ತಾನೇ?" ಆ ತಾಳೆಬೆಲ್ಲ ಮೈಗೆ ಒಳ್ಳೆಯದೆಂದು ನಾನೂ ಕೇಳಿದ್ದೆ. ಮರುದಿನ ಮಗಳ ಕಾಫಿಗೆ ಹುಣಿಸೆಬೀಜದಷ್ಟು ಹಾಕಿದೆ.

"ಸಿಹಿ ಐತಲ್ಲಮ್ಮಾ?"

"ಎಮ್ಮೆ ಹಾಲು, ಕಣ್ಣು, ಹಂಗೇ ಇರ್ತದೆ." ಮುದ್ದಿಗೆ ಅವಳನ್ನು ನಾನು ಕಣ್ಣು ಅಂತಲೇ ಕರೆಯುವುದು.

ಲೋಟ ಖಾಲಿಯಾಯಿತು. ಎಷ್ಟು ದಿನವಾಗಿತ್ತು, ಅವಳು ನನ್ನ ಕೈಯಿಂದ ಏನನ್ನಾದರೂ ಆಸೆಯಿಂದ ಕುಡಿದು! ವಾರದೊಳಗೆ ಹುಣಿಸೆಬೀಜ ನೆಲ್ಲಿಕಾಯಿಯಾಯಿತು. ತಿಂಡಿಯ ನಂತರದ ಸಂಖ್ಯೆಗಳೂ ಏರಿದವು. ಅವಳು ಒಂದು ಇಡ್ಲಿ ಕಡಿಮೆ ಮಾಡಿದಳು, ಆದರೂ ಇಳಿಯಲಿಲ್ಲ. ಗಾಂಧಿಪುರಂನ ಡಾಕ್ಟರಮ್ಮ ಇನ್ಸುಲಿನ್ ಹೆಚ್ಚಿಸಿದರು. ಬಸ್ಸಿನಲ್ಲಿ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, "ನಾನೇ ಏನೋ ತಪ್ಪು ಮಾಡ್ತಿದೀನಿ" ಅಂದಳು. ನಾಳೆಯಿಂದ ಬೆಲ್ಲ ಬೇಡ ಎಂದು ಮನಸ್ಸಿನಲ್ಲೇ ನಿಶ್ಚಯಿಸಿದೆ.

ಮರುದಿನ ಬೆಲ್ಲವಿಲ್ಲ, ಇನ್ಸುಲಿನ್ ಮಾತ್ರ ಹೆಚ್ಚಿನದೇ. ಹನ್ನೊಂದರ ಹೊತ್ತಿಗೆ ಅವಳು ಬೆವೆತು ನಡುಗುತ್ತಾ ಗೋಡೆ ಹಿಡಿದಳು. ಬೆರಳು ಚುಚ್ಚಿ ನೋಡಿದರೆ ಯಂತ್ರ ಐವತ್ತೆರಡು ತೋರಿಸಿತು, ತೀರಾ ಕಡಿಮೆ. ಡಬ್ಬಿಯಲ್ಲಿದ್ದ ಅದೇ ಕರುಪ್ಪಟ್ಟಿಯನ್ನು ನೀರಿಗೆ ಕದಡಿ ಕುಡಿಸಿದೆ. ನಡುಕ ನಿಂತ ಮೇಲೆ ಎಲ್ಲವನ್ನೂ ಹೇಳಿದೆ.

ಅವಳು ಬೈಯಲಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿ ಔಷಧಿಯನ್ನು ಮೊದಲಿನಷ್ಟಕ್ಕೆ ಇಳಿಸಿಕೊಂಡಳು. "ಇನ್ಮೇಲೆ ಕಾಫಿ ನಾನೇ ಹಾಕ್ಕೋತೀನಮ್ಮಾ" ಅಂದಳು, ಅಷ್ಟೇ. ಹೆರಿಗೆಯಾಗುವವರೆಗೂ ಒಲೆಯ ಮುಂದೆ ಅವಳೇ ನಿಂತಳು.

ಮಗು ಚೆನ್ನಾಗಿ ಹುಟ್ಟಿತು. ಐದನೇ ತಿಂಗಳಿಗೆ ಇಬ್ಬರೂ ಮೆಟ್ಟುಪಾಳ್ಯಂಗೆ ಹೋದರು. ದಿನಾ ಬೆಳಿಗ್ಗೆ ಫೋನ್ ಮಾಡಿ ಕೇಳುತ್ತೇನೆ.

"ಇವತ್ತು ಎಷ್ಟು, ಕಣ್ಣು?"

"ನೂರ ಎಂಟು. ಇಲ್ಲಿ ಎಮ್ಮೆ ಹಾಲು ಇಲ್ವಲ್ಲ, ಅದಕ್ಕೆ."

ಅವಳು ನಗುತ್ತಾಳೆ, ನಾನೂ ನಗುತ್ತೇನೆ. ನೂರ ಎಂಟು ಎಂದು ಕ್ಯಾಲೆಂಡರಿನ ಆ ದಿನದ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳುತ್ತೇನೆ. ಅವಳ ಸಂಖ್ಯೆ ಬರೆದ ಹಾಳೆಯನ್ನು ಒಂದೆರಡು ದಿನ ಹರಿಯಲು ಕೈ ಬರುವುದಿಲ್ಲ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಇವತ್ತೂ ಮೊನ್ನೆಯ ತಾರೀಖೇ ಇದೆ.