ಒಂದರ ಮೇಲೊಂದು ಇನ್ನೂರ ಅರವತ್ತು ಚಂದ್ರ

ಬೀದಿಯವರಿಗೆಲ್ಲ ಅವನು ವಾಚಣ್ಣ. ಮೆಟ್ಟಿಲ ಕೆಳಗಿನ ಗೇಣುದ್ದದ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂವತ್ತೊಂದು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು. ಸಾಸಿವೆಗಿಂತ ಸಣ್ಣ ಸ್ಕ್ರೂ ಕೂರಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಆ ಹೊತ್ತಿನಲ್ಲಿ ಗಿರಾಕಿ ಸೀನಿದರೂ ದುರುಗುಟ್ಟಿ ನೋಡುತ್ತಿದ್ದ. ಎರಡು ವರ್ಷದ ಹಿಂದೆ ಒಂದು ದಿನ ಇದ್ದಕ್ಕಿದ್ದಂತೆ ಶಟರ್ ಎಳೆದುಬಿಟ್ಟ. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಕಣ್ಣು ಮಂಜಾಗಿದೆ."

ಕಣ್ಣಿಗೆ ಏನೂ ಆಗಿರಲಿಲ್ಲ. ನಡುಗುತ್ತಿದ್ದುದು ಬಲಗೈ. ಅದು ಹೆಂಡತಿಗೆ ಗೊತ್ತಿತ್ತು. ಅವನು ಚಮಚವನ್ನು ಎಡಗೈಗೆ ಬದಲಾಯಿಸಿದ್ದು, ಗಡ್ಡ ಬಿಟ್ಟಿದ್ದು, ಸಹಿ ಹಾಕಬೇಕಾದ ಕಡೆಯಲ್ಲೆಲ್ಲ ಅವಳನ್ನೇ ಮುಂದೆ ದಬ್ಬಿದ್ದು, ಎಲ್ಲವನ್ನೂ ನೋಡಿದ್ದಳು. "ಡಾಕ್ಟರ ಹತ್ರ ಹೋಗಿ ಬರೋಣ ರೀ" ಎಂದರೆ, "ಕನ್ನಡಕ ಇದೆಯಲ್ಲ, ಸಾಕು" ಎನ್ನುತ್ತಿದ್ದ. ಅವಳೇ ಬಾಯಿಬಿಟ್ಟು ಕೈಯ ವಿಷಯ ಎತ್ತಿದ ಒಂದು ಸಲ, ತಟ್ಟೆ ಬಿಟ್ಟು ಎದ್ದು ಹೋಗಿ ಎರಡು ದಿನ ಮಾತಾಡಿರಲಿಲ್ಲ. ತಾನಾಗಿ ಒಪ್ಪಿಕೊಳ್ಳದವನನ್ನು ಡಾಕ್ಟರ ಮುಂದೆ ಎಳೆದುಕೊಂಡು ಹೋಗಿ ಕೂರಿಸಿ ಏನು ಪ್ರಯೋಜನ? ನನ್ನ ಕೈ ನಡುಗುತ್ತೆ ಎಂಬ ಮೂರೇ ಮಾತು ಅವನ ಬಾಯಿಂದ ಬರಲಿ ಎಂದು ಅವಳು ಕಾಯುತ್ತಿದ್ದಳು. ಆ ಮೂರು ಮಾತಿಗೆ ಅವನು ಜೀವ ಹೋದರೂ ಸಿದ್ಧನಿರಲಿಲ್ಲ.

ಹೀಗಿರುವಾಗ ಅವನ ತಂಗಿ, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು, ಶಾಲೆಯ ದೂರದರ್ಶಕವನ್ನು ಆಟೊದಲ್ಲಿ ಮಲಗಿಸಿಕೊಂಡು ತಂದಳು. ಅದರ ತಿರುಪು ಬಿಗಿದುಹೋಗಿತ್ತು. ಅಣ್ಣ ಗೊಣಗುತ್ತಲೇ ಬಿಚ್ಚಿ, ಒಣಗಿದ ಗ್ರೀಸ್ ಕೆರೆದು ಸರಿಮಾಡಿದ. ದೊಡ್ಡ ಸ್ಕ್ರೂಗಳು, ಕೈ ನಡುಗಿದರೂ ನಡೆಯುತ್ತಿತ್ತು. ತಂಗಿ ಅಷ್ಟಕ್ಕೇ ಬಿಡಲಿಲ್ಲ.

"ಅಣ್ಣ, ಇದರಲ್ಲಿ ಚಂದ್ರಂದು ಒಂದು ಫೋಟೊ ತೆಗೆದುಕೊಡು. ಕ್ಲಾಸಲ್ಲಿ ಗೋಡೆಗೆ ಹಾಕ್ತೀನಿ. ಅತ್ತಿಗೆ ಕಂಪ್ಯೂಟರಲ್ಲಿ ಚೆಂದ ಮಾಡಿಕೊಡ್ತಾರೆ."

ಅತ್ತಿಗೆ ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದವಳು. ಪಾಸ್‌ಪೋರ್ಟ್ ಫೋಟೊಗಳಲ್ಲಿ ಊರವರ ಮೊಡವೆ ಅಳಿಸಿ ಅಳಿಸಿ ಅವಳಿಗೆ ಸಾಕಾಗಿತ್ತು, ಚಂದ್ರ ಎಂದ ಕೂಡಲೇ ಹುರುಪಾದಳು. ಒಂದು ಫೋಟೊ ಸಾಲದು, ನೂರಾರು ಬೇಕು ಎಂದಳು. ಒಂದೊಂದರಲ್ಲೂ ರವೆ ಚೆಲ್ಲಿದಂತೆ ಕಾಳುಕಾಳು ಇರುತ್ತದೆ, ಗಾಳಿಯ ಅಲುಗಾಟದಿಂದ ಅಂಚು ಕದಡಿರುತ್ತದೆ. ಒಂದೇ ಕುಳಿಯನ್ನು ಗುರುತಿಗೆ ಇಟ್ಟುಕೊಂಡು ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿದರೆ, ನಿಜವಾಗಿ ಇರುವುದು ಎಲ್ಲದರಲ್ಲೂ ಇರುವುದರಿಂದ ಉಳಿಯುತ್ತದೆ. ಇಲ್ಲದ್ದು ತೆಳುವಾಗುತ್ತಾ ಹೋಗಿ ಮಾಯವಾಗುತ್ತದೆ.

ಅವಳು ಸ್ಟುಡಿಯೊದಿಂದ ಬರುವುದಕ್ಕೆ ಮೊದಲು, ಸಂಜೆ ಇನ್ನೂ ಬೆಳಕಿರುವಾಗಲೇ ವಾಚಣ್ಣ ತಾರಸಿಗೆ ಹೋದ. ಯಾರೂ ಇಲ್ಲದ ಹೊತ್ತು ಬೇಕಾಗಿತ್ತು ಅವನಿಗೆ. ಅರ್ಧ ಚಂದ್ರ ನೆತ್ತಿಯ ಹತ್ತಿರವಿತ್ತು. ಫೋನನ್ನು ದೂರದರ್ಶಕದ ಕಣ್ಣಿಗೆ ಒತ್ತಿ ಹಿಡಿದರೆ, ಕಾದ ಬಾಣಲೆಗೆ ಬಿದ್ದ ನೀರಿನ ಹನಿಯಂತೆ ಚಂದ್ರ ಪರದೆಯ ತುಂಬ ಕುಣಿಯಿತು. ಹಲ್ಲು ಕಚ್ಚಿ ನಾನೂರು ಫೋಟೊ ತೆಗೆದ. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಒಣಗಿದ ಬಟ್ಟೆ ತೆಗೆಯಲು ಅವರ ತಾರಸಿಗೆ ಬಂದು, "ಏನು ವಾಚಣ್ಣ, ಚಂದ್ರನಿಗೂ ರಿಪೇರಿನಾ?" ಎಂದ. ವಾಚಣ್ಣ ತಟ್ಟನೆ ಫೋನು ಇಳಿಸಿ ಕೆಳಗೆ ಬಂದುಬಿಟ್ಟ.

"ಎಲ್ಲ ಹಾಳು. ಅಳಿಸಿ ಹಾಕು" ಎಂದು ಹೆಂಡತಿಗೆ ಫೋನು ಕೊಟ್ಟ. ಅವಳು "ಹ್ಞೂಂ" ಎಂದಳು.

ಮರುದಿನ ಬೆಳಿಗ್ಗೆಯಿಂದ ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಹಳೆ ಟೇಬಲ್ ಗಡಿಯಾರದ ತಗಡು, ಎರಡು ರಬ್ಬರ್ ತುಂಡು, ನಾಲ್ಕು ಸ್ಕ್ರೂ ಸೇರಿಸಿ ಫೋನು ಹಿಡಿಯುವ ಹಿಡಿಕೆ ಮಾಡಿಸಿದ. ಮಾಡಿಸಿದ ಎನ್ನಬೇಕು. ಹೇಳಿದವನು ಅವನು, ತಿರುಗಿಸಿದವಳು ಅವಳು. "ಇನ್ನೊಂದು ಕಾಲು ಸುತ್ತು. ಸಾಕು. ಸಾಕು ಅಂದ್ನಲ್ಲ!" ಕೊನೆಗೆ ಫೋನು ಬಂಡೆಯ ಹಾಗೆ ಕೂತಿತು. ಒತ್ತುವುದಕ್ಕೂ ಕೈ ಬೇಡ, ತಾನಾಗಿ ಕ್ಲಿಕ್ಕಿಸಿಕೊಳ್ಳುವಂತೆ ಅವಳು ಹೊಂದಿಸಿಕೊಟ್ಟಳು. ಚಂದ್ರ ಚೌಕಟ್ಟಿನ ಈ ಬದಿಯಿಂದ ಆ ಬದಿಗೆ ನಿಧಾನವಾಗಿ ಜಾರಿಹೋಗುವುದು, ಅವನು ಮತ್ತೆ ತಂದು ನಿಲ್ಲಿಸುವುದು. ಆ ಸಂಜೆಯೂ ನಾನೂರು. ಕೆಳಗಿಳಿಯುವಾಗ ಅವನು ಸಿಳ್ಳೆ ಹಾಕುತ್ತಿದ್ದ.

ಆಮೇಲಿನ ದಿನ ಅವಳಿಗೆ ರಜೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಿಗ್ಗೆಯೆಲ್ಲ ಜೋಡಿಸಿದಳು. ಗುರುತಿಗೆ ಒಂದು ದೊಡ್ಡ ಕುಳಿ, ಓರೆಯಾಗಿದ್ದರೆ ತಿರುಗಿಸಿ ಸರಿಮಾಡಲು ಚಂದ್ರನ ಅಂಚು. ಮುಗಿದಾಗ ಚಂದ್ರ ಬೆಣ್ಣೆಯಷ್ಟು ನುಣುಪಾಗಿ ಬಂದಿತ್ತು. "ನೋಡಿ ರೀ" ಎಂದು ಕರೆದಳು.

ಅವನು ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡಿದ. "ಅದೇನು ಗೀರು?"

"ಎಲ್ಲಿ?"

"ಆ ಕಪ್ಪು ಬಯಲಿನ ಮೇಲೆ. ಅಡ್ಡಡ್ಡಕ್ಕೆ, ಕೂದಲೆಳೆಯಷ್ಟು."

ಅವಳಿಗೆ ಕಾಣಲಿಲ್ಲ. ಮೂರು ಪಟ್ಟು ದೊಡ್ಡದು ಮಾಡಿದ ಮೇಲೆ ಕಂಡಿತು. ಅವಳು ಕುರ್ಚಿಯಲ್ಲಿ ತಿರುಗಿ ಕೂತು, "ಕಣ್ಣು ಮಂಜಾಗಿದೆ ಅಂದ್ರಲ್ಲ?" ಎಂದಳು.

ಎರಡು ವರ್ಷ ಜೋಪಾನ ಮಾಡಿದ ಸುಳ್ಳು ತನ್ನ ಬಾಯಿಂದಲೇ ಜಾರಿ ಬಿದ್ದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಅವಳು ಅದರ ಬೆನ್ನು ಹತ್ತಲಿಲ್ಲ. ಗೀರು ಎಲ್ಲಿಂದ ಬಂತೆಂದು ಹುಡುಕತೊಡಗಿದಳು. ಫೋನಿನ ಗಾಜಿನ ಒಳಗೆ ಸೇರಿಕೊಂಡ ಒಂದು ಧೂಳಿನ ಕಣ. ಎಲ್ಲ ಫೋಟೊಗಳಲ್ಲೂ ಚೌಕಟ್ಟಿನ ಅದೇ ಜಾಗದಲ್ಲಿ ಕೂತಿದೆ. ಚಂದ್ರ ಅದರ ಕೆಳಗೆ ಪ್ರತಿ ಸಲವೂ ಒಂದೇ ದಾರಿಯಲ್ಲಿ ಹಾದುಹೋಗಿ, ಒಂದೇ ಕಡೆ ಗೀರು ಬಿದ್ದಿದೆ.

"ಇನ್ನೊಂದಿದೆ, ನೋಡ್ತೀರಾ?" ಎಂದಳು ಮೆಲ್ಲಗೆ. "ಮೊನ್ನೆದು. ಅಳಿಸಿರಲಿಲ್ಲ."

ಅವನ ಮುಖ ಕೆಂಪಾಯಿತು. "ಅಳಿಸು ಅಂದಿದ್ದೆ."

"ಜೋಡಿಸಿದೀನಿ. ಗೀರಿಲ್ಲ."

"ನನ್ನ ಸಮಾಧಾನಕ್ಕೆ ಏನೇನೋ ಹೇಳಬೇಡ ಕಣೆ. ನಾನೇನು ಮಗುನಾ?"

"ಹಾಗಾದ್ರೆ ನಿಮ್ಮ ಮುಂದೇನೇ ಮೊದಲಿಂದ ಮಾಡ್ತೀನಿ. ಕೂತ್ಕೊಳ್ಳಿ."

ಅವನು ಕೂತ. ರಿಪೇರಿಗೆ ಬಂದ ವಾಚನ್ನು ಬೇರೆಯವನು ಬಿಚ್ಚುವುದನ್ನು ನೋಡುವವನ ಹಾಗೆ ಅನುಮಾನದಿಂದ ಕೂತ. ಅವಳು ಒಂದೊಂದೇ ತೆರೆದಳು. ತೀರಾ ಕಲಸಿಹೋದವನ್ನು ಮುಲಾಜಿಲ್ಲದೆ ತೆಗೆದು ಹಾಕಿದಳು. ಹಾಗೆ ಹೋದವು ನೂರ ನಲವತ್ತು. "ಇವು ಯಾವ ಕೆಲಸಕ್ಕೂ ಬರಲ್ಲ" ಎಂದು ಅವನ ಮುಖಕ್ಕೇ ಹೇಳಿದಳು. ಆ ಮಾತು ಕೇಳಿದ ಮೇಲೆಯೇ ಅವನಿಗೆ ನಂಬಿಕೆ ಬಂದದ್ದು. ಎಲ್ಲವೂ ಚೆನ್ನಾಗಿವೆ ಎಂದಿದ್ದರೆ ಎದ್ದು ಹೋಗುತ್ತಿದ್ದ.

ಉಳಿದ ಇನ್ನೂರ ಅರವತ್ತರಲ್ಲಿ ಚಂದ್ರ ಎಲ್ಲೆಂದರಲ್ಲಿ ಇತ್ತು. ಮೇಲೆ, ಮೂಲೆಯಲ್ಲಿ, ಅರ್ಧ ಓರೆಯಾಗಿ. ಅವಳು ಕುಳಿಯ ಮೇಲೆ ಕುಳಿ ಕೂರಿಸುತ್ತಾ ಹೋದಂತೆ ಧೂಳಿನ ಕಣ ಒಂದರಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ಬಿದ್ದು, ಎಲ್ಲಿಯೂ ನೆಲೆ ಸಿಗದೆ ಅಳಿಸಿಹೋಯಿತು. ರವೆಯಂಥ ಕಾಳುಗಳೂ ಹೋದವು. ಕುಳಿಗಳ ಒಳಗಿನ ನೆರಳು ಚಾಕುವಿನಲ್ಲಿ ಕೊರೆದಂತೆ ನಿಂತಿತು.

ವಾಚಣ್ಣ ಒಳಗೆ ಹೋಗಿ ಭೂತಗನ್ನಡಿ ತಂದು, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಮೂಲೆಮೂಲೆ ಹುಡುಕಿದ. ಹುಳುಕು ಸಿಗಲಿಲ್ಲ.

"ಅಲ್ಲಾಡಿದ್ದಕ್ಕೆ ಹೀಗಾಯ್ತಾ?" ಎಂದ.

"ಅಲ್ಲಾಡಿದ್ದಕ್ಕೇ."

ಅವನಿಗೆ ಸಂತೋಷವಾಯಿತು, ಸಂಕಟವೂ ಆಯಿತು. ವಾಚಿನ ಕೆಲಸಕ್ಕೆ ಈ ಕೈ ಮತ್ತೆ ಬರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚಂದ್ರನ ಫೋಟೊ ಅದನ್ನೇನೂ ಬದಲಾಯಿಸಲಿಲ್ಲ. ಆದರೆ ಎರಡು ವರ್ಷದಿಂದ ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡು ತಿರುಗಿದ ಕೈಯನ್ನು ಅಂದು ಮೊದಲ ಸಲ ಮೇಜಿನ ಮೇಲೆ ಹೆಂಡತಿಯ ಎದುರಿಗೆ ಸುಮ್ಮನೆ ಇರಿಸಿದ. ಅದು ತನ್ನ ಪಾಡಿಗೆ ನಡುಗುತ್ತಿತ್ತು. ಅವಳು ಅದರ ಕಡೆ ನೋಡಲೂ ಇಲ್ಲ, ನೋಡದೆಯೂ ಇರಲಿಲ್ಲ.

ಸಂಜೆ ಇನ್ನಷ್ಟು ತೆಗೆಯೋಣವೆಂದು ಇಬ್ಬರೂ ತಾರಸಿಗೆ ಹೋದರು. ಹಿಡಿಕೆಯನ್ನು ಅವನು ಕೆಳಗೇ ಬಿಟ್ಟು ಬಂದಿದ್ದ. ಐವತ್ತು ಅರವತ್ತು ಆಗುವಷ್ಟರಲ್ಲಿ ಕಂಡಕ್ಟರ್ ಪಕ್ಕದ ತಾರಸಿಗೆ ಬಂದು ಗೋಡೆಗೆ ಮೊಣಕೈ ಊರಿ ನಿಂತ. ಇನ್ನೇನು ಗಂಡ ಫೋನು ಇಳಿಸುತ್ತಾನೆ ಎಂದುಕೊಂಡಳು ಹೆಂಡತಿ.

"ಯಾಕೆ ವಾಚಣ್ಣ, ಕೈ ಹೀಗಾಡುತ್ತೆ?" ಎಂದು ಕಂಡಕ್ಟರ್ ಕೇಳಿದ. ಕುಹಕವಿರಲಿಲ್ಲ, ಕಂಡದ್ದನ್ನು ಕೇಳಿದ್ದ ಅಷ್ಟೆ.

ವಾಚಣ್ಣ ಫೋನಿನಿಂದ ಕಣ್ಣು ತೆಗೆಯದೆ ಇನ್ನೊಂದು ಫೋಟೊ ಒತ್ತಿದ.

"ನನ್ನ ಕೈ ನಡುಗುತ್ತೆ ಕಂಡಕ್ಟ್ರೇ," ಎಂದ. "ಎರಡು ವರ್ಷ ಆಯ್ತು. ಅದಕ್ಕೇ ಅಂಗಡಿ ಮುಚ್ಚಿದ್ದು. ನಾಳೆ ಇವಳು ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳೆ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನು ತೆಗೆದ ಫೋಟೊಗಳನ್ನು ಎಣಿಸುತ್ತಾ ನಿಂತಳು.