ಎರಡು ಉಸಿರಿನ ಸಾಲು

ಹದಿನೈದು ವರ್ಷದಿಂದ ಹಾಡುತ್ತಿದ್ದೇನೆ, ನನ್ನ ದನಿಯನ್ನು ಮಾತ್ರ ಯಾರೂ ಕೇಳಿಲ್ಲ. ಇದು ದೂರಲ್ಲ. ನಂಜನಗೂಡಿನ ನಮ್ಮ ಭಜನಾ ತಂಡದಲ್ಲಿ ನಾನು ಹಿಂದಿನ ಸಾಲಿನವಳು, ಅಂದರೆ ಕೋರಸ್ಸು. ಕೋರಸ್ಸಿನವರ ದನಿ ಬೇರೆಯಾಗಿ ಕೇಳಿಸಿತೆಂದರೆ ಅವರು ತಪ್ಪು ಹಾಡುತ್ತಿದ್ದಾರೆಂದೇ ಅರ್ಥ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಒಬ್ಬಳೇ ಕೂಗಾಡಿ ಕನ್ನಡ ಕಲಿಸಿದವಳಿಗೆ ಹತ್ತು ದನಿಗಳ ನಡುವೆ ಕಳೆದುಹೋಗುವುದು ಎಂಥ ಸುಖವೆಂದು ಹೇಗೆ ಹೇಳಲಿ! ನಾನು ಮದುವೆಯಾದವಳಲ್ಲ. ಸೋಮವಾರದ ಭಜನೆಯ ಆ ಒಂದು ಗಂಟೆ ಬಿಟ್ಟರೆ ವಾರವೆಲ್ಲ ಮನೆಯಲ್ಲಿ ಕುಕ್ಕರ್ ಕೂಗುವುದೇ ಮಾತುಕತೆ.

ಈಚೆಗೆ ಫೋನಿನಲ್ಲಿ ಪಾಶ್ಚಾತ್ಯರ ದೊಡ್ಡ ವಾದ್ಯಮೇಳವೊಂದನ್ನು ನೋಡಿದೆ. ಪಿಟೀಲಿನವರ ಹಿಂದೆ ಕಪ್ಪು ಬಟ್ಟೆಯ ನೂರು ಮಂದಿ ಸುಮ್ಮನೆ ನಿಂತಿದ್ದರು. ಪಾಪ, ಇವರನ್ನೇಕೆ ಕರೆಸಿದರೋ ಎಂದುಕೊಳ್ಳುವಷ್ಟರಲ್ಲಿ ಒಟ್ಟಿಗೇ ಬಾಯಿ ತೆರೆದರು. ನಾನು ಅತ್ತೇಬಿಟ್ಟೆ. ಅಷ್ಟುದ್ದದ ಸ್ವರ ಎಲ್ಲೂ ಕಡಿಯಲಿಲ್ಲ. ಅವರಿಗೆ ಉಸಿರೇ ಬೇಡವೇ ಎಂದು ನೀವು ಕೇಳಬಹುದು. ಬೇಕು, ಆದರೆ ಪಕ್ಕದವರು ಹಾಡುವಾಗ ನಾವು ಉಸಿರೆಳೆದುಕೊಂಡು, ಅವರು ಎಳೆದುಕೊಳ್ಳುವಾಗ ನಾವು ಹಾಡುತ್ತಿರಬೇಕು. ನಂಜನಗೂಡಿನಲ್ಲೂ ಕಸುಬು ಅದೇ.

ನನ್ನ ಪಕ್ಕದವರು ಚೆನ್ನಾಜಮ್ಮ. ಗಂಡ ಹೋದ ಮೇಲೆ ಹಿಟ್ಟಿನ ಗಿರಣಿ ನಡೆಸಿದವರು, ಗಿರಣಿಯ ಸದ್ದನ್ನು ಮೀರಿಸುವ ಗಂಟಲು. ನಮ್ಮ ಶಿವನ ಹಾಡೊಂದರಲ್ಲಿ ಮೂರನೆಯ ಸಾಲು ಬಲು ಉದ್ದ. ಮೊದಲರ್ಧ ನಾನು ಹಾಡುವಾಗ ಅವರು ಉಸಿರೆಳೆಯುತ್ತಿದ್ದರು, ಉಳಿದರ್ಧ ಅವರು ಹಾಡುವಾಗ ನಾನು. ಇದನ್ನು ನಾವೆಂದೂ ಮಾತಾಡಿಕೊಂಡವರಲ್ಲ. ಮೂರು ತಿಂಗಳ ಹಿಂದೆ ಚೆನ್ನಾಜಮ್ಮ ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು, ದೇವನೂರಿನ ತಮ್ಮನ ಮನೆ ಸೇರಿದರು.

ಆಮೇಲೆ ಟಿ. ನರಸೀಪುರದಲ್ಲಿ ನಮ್ಮ ಕಾರ್ಯಕ್ರಮವಿತ್ತು. ಮೈಕಿನವನು ಅದೇನು ಕಂಡನೋ, ಒಂದು ಮೈಕನ್ನು ನನ್ನ ಮೂತಿಯ ಮುಂದೆಯೇ ನೆಟ್ಟ. ಮೂರನೆಯ ಸಾಲು ಬಂದಾಗಲೆಲ್ಲ ನನ್ನ ದನಿ ಅರ್ಧಕ್ಕೇ ನಿಂತಿತು. ಇಳಿದು ಬಂದಾಗ ಅವನು ಗಾಬರಿಯಿಂದ ಕೇಳಿದ, "ಯಾಕವ್ವಾ, ಮೈಕು ಕೈ ಕೊಡ್ತಾ?"

"ಹೂಂ ಕಣಪ್ಪಾ" ಅಂದುಬಿಟ್ಟೆ. ಅವನು ಬಗ್ಗಿ ವೈರು ಹುಡುಕತೊಡಗಿದ.

ಮನೆಗೆ ಬಂದು ಒಬ್ಬಳೇ ಹಾಡಿ ನೋಡಿದರೆ ಉಸಿರಿಗೇನೂ ಕೊರತೆಯಿಲ್ಲ, ಆ ಉಳಿದರ್ಧದ ಪದಗಳೇ ನನಗೆ ಗೊತ್ತಿಲ್ಲ! ನಿವೃತ್ತ ಕನ್ನಡ ಟೀಚರಮ್ಮನ ಮರ್ಯಾದೆ ಏನಾಗಬೇಕು? ತಂಡದಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಲಿಲ್ಲ. ನಿಜ ಹೇಳುತ್ತೇನೆ, ನನಗೆ ಚೆನ್ನಾಜಮ್ಮನನ್ನು ನೋಡಬೇಕಿತ್ತು. ಅವರಿಲ್ಲದೆ ಎಡಗಡೆಯೆಲ್ಲ ಖಾಲಿ ಅನ್ನಿಸುತ್ತಿತ್ತು. ಆದರೆ ಏನಾಗಬೇಕೆಂದು ಹೇಳಿಕೊಂಡು ಹೋಗುವುದು? ಅಕ್ಕ ತಂಗಿಯಲ್ಲ, ಬೀಗರಲ್ಲ, ಒಬ್ಬರ ಮನೆಯಲ್ಲೊಬ್ಬರು ಕಾಫಿ ಕುಡಿದವರೂ ಅಲ್ಲ. ಪಕ್ಕದಲ್ಲಿ ನಿಂತು ಹಾಡಿದವರ ನಂಟಿಗೆ ಯಾರೂ ಹೆಸರಿಟ್ಟಿಲ್ಲ. ಈಗ ಒಂದು ನೆಪ ಸಿಕ್ಕಿತ್ತು. ದೇವನೂರಿನ ಬಸ್ಸು ಹತ್ತಿದೆ.

ಚೆನ್ನಾಜಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಂದ ಕಾರಣ ಕೇಳಿ ಜೋರಾಗಿ ನಕ್ಕರು.

"ಅಯ್ಯೋ ಟೀಚರಮ್ಮ, ನಂಗೆ ಮೊದ್ಲರ್ಧ ಬರಾಕಿಲ್ಲ ಕಣ್ರವ್ವಾ. ಇಲ್ಲಿ ಒಬ್ಳೇ ಎಷ್ಟು ಸಲ ಸುರು ಮಾಡಿದ್ರೂ ಅಲ್ಲೇ ನಿಂತೋಯ್ತದೆ."

ಸರಿ, ನಾನು ಮೊದಲರ್ಧ ಎತ್ತಿಕೊಂಡೆ, ಅವರು ಉಳಿದದ್ದನ್ನು ಹಿಡಿದರು. ಸಾಲು ಪೂರಾ ಆಯಿತು. ಇನ್ನೊಂದು ಸಲ ಎಂದು ಇಬ್ಬರೂ ಹೇಳಿದೆವು. ಹೀಗೆ ಎಷ್ಟು ಸಲವೋ, ಒಳಗಿನಿಂದ ಬಂದ ಕಾಫಿ ಆರಿಹೋಯಿತು.

ಬಸ್ಸಿನ ಹೊತ್ತಾಯಿತೆಂದು ನಾನು ಎದ್ದಾಗ ಅವರು ಪೆನ್ನು, ಹಾಳೆ ತರಿಸಿದರು. "ತಾಳಿ, ನನ್ನರ್ಧನ ಬರ್ಕೊಟ್ಬುಡ್ತೀನಿ. ಪಾಪ, ಅಷ್ಟು ದೂರದಿಂದ ಬಂದಿದ್ದೀರಿ."

ನನಗೆ ದಿಗಿಲಾಯಿತು. ಬರೆದುಕೊಟ್ಟರೆ ಮುಗಿಯಿತಲ್ಲ, ಮತ್ತೆ ಏನೆಂದು ಬರಲಿ? "ಬೇಡ ಬೇಡ, ಕನ್ನಡಕ ಮರೆತು ಬಂದಿದ್ದೀನಿ. ಬರೋ ವಾರ ಬರ್ತೀನಿ, ಬಾಯಲ್ಲೇ ಹೇಳ್ಕೊಡಿ" ಅಂದೆ.

ಕನ್ನಡಕ ನನ್ನ ಕೊರಳಿನ ದಾರದಲ್ಲೇ ತೂಗುತ್ತಿತ್ತು. ಚೆನ್ನಾಜಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು. ಬರೆಯದ ಹಾಳೆಯನ್ನು ಮಡಿಸಿ ದಿಂಬಿನಡಿ ಇಟ್ಟುಕೊಂಡರು.

"ಆಗ್ಲಿ ಬನ್ನಿ," ಎಂದರು, "ಆದ್ರೆ ಟೀಚರಮ್ಮ, ಬೇಗ್ನೆ ಕಲ್ತುಬುಡಬ್ಯಾಡಿ."